ಹಳದಿ ಕಾಣುವವರೆಗೆ ಎತ್ತಬೇಡಿ

ಜನರನ್ನು ಕೂರಿಸಿ "ಸ್ವಲ್ಪ ಹೊತ್ತು ಅಲ್ಲಾಡಬೇಡಿ" ಎನ್ನುವುದೇ ನನ್ನ ನೌಕರಿ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಹಾಗೆಂದ ದಿನ ಏನಾದರೊಂದು ಆಗದೆ ಇರುವುದಿಲ್ಲ. ಹಾಗೆನ್ನುವ ನನಗೇ ಕೂತಲ್ಲಿ ಕೂರಲು ಬರುವುದಿಲ್ಲ. ಬಸ್ಸು ನಿಂತಲ್ಲೆಲ್ಲ ಇಳಿದು, ಹೊರಟ ಮೇಲೆ ಅದರ ಹಿಂದೆ ಓಡುವವರ ಪೈಕಿ ನಾನು.

ಊರು ನಿಪ್ಪಾಣಿ. ಆಗ ಪುಣೆಯ ಒಂದು ಕಂಪನಿಯಲ್ಲಿ, ರೋಗಿಗಳು ಮನೆಯಲ್ಲಿ ತಾವೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಸಾಧನದ ವಿನ್ಯಾಸ ಮಾಡುತ್ತಿದ್ದೆ. ನೋಡಲು ದಪ್ಪ ಪೆನ್ನು. ತೊಡೆಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಮೊದಲು ಸೂಜಿಯನ್ನು, ಆಮೇಲೆ ಔಷಧವನ್ನು ತಾನೇ ತಳ್ಳುತ್ತದೆ. ತಕರಾರು ಇದ್ದದ್ದು ಔಷಧದಲ್ಲಿ. ಅದು ಕಾಕಂಬಿಯ ತಮ್ಮ, ಅಷ್ಟು ಮಂದ. ಸೂಜಿ ದಪ್ಪ ಮಾಡಿದರೆ ರೋಗಿ ಕೂಗುತ್ತಾನೆ, ಸ್ಪ್ರಿಂಗ್ ಬಿಗಿ ಮಾಡಿದರೆ ಒಳಗಿನ ಗಾಜು ಒಡೆಯುತ್ತದೆ. ಹಾಗಾಗಿ ಅದು ನಿಧಾನಕ್ಕೇ ಇಳಿಯಬೇಕು, ಇಳಿಯುವವರೆಗೆ ಒತ್ತಿ ಹಿಡಿದಿರಬೇಕು. ನಡುವೆ ಎತ್ತಿದರೆ ಉಳಿದದ್ದು ನೆಲದ ಪಾಲು.

ನನಗೆ ಮನೆಯದೂ ಒಂದು ಅವಸರವಿತ್ತು. ಅಥಣಿ ಕಡೆ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದ ನಮ್ಮಕ್ಕನಿಗೆ ಕೀಲುಬೇನೆ. ಹದಿನೈದು ದಿನಕ್ಕೊಮ್ಮೆ ಕಾಗವಾಡದಲ್ಲಿ ಬಸ್ಸು ಬದಲಿಸಿ ಮಿರಜಿಗೆ ಹೋಗಿ ಇದೇ ಔಷಧ ಚುಚ್ಚಿಸಿಕೊಂಡು ಬರುತ್ತಿದ್ದಳು. ಬೆರಳು ಬಾತ ದಿನ ಬಸ್ಸಿನ ಕಂಬಿ ಹಿಡಿಯಲೂ ಆಗುತ್ತಿರಲಿಲ್ಲ. ಫೋನ್ ಮಾಡಿದಾಗಲೆಲ್ಲ, "ನಿಂದ ಯಾವಾಗ ಬರತೈತೋ ತಮ್ಮಾ?" ಎಂದೇ ಕೇಳುವಳು. ಕನ್ನಡ ಮರಾಠಿ ಎರಡೂ ಬರುತ್ತದೆಂದು ಕಂಪನಿಯವರು ನನ್ನನ್ನೇ ನಮ್ಮ ಕಡೆಗೆ ಪರೀಕ್ಷೆಗೆ ಅಟ್ಟಿದರು. ಸೂಜಿ ನಿಜದ್ದೇ, ಒಳಗೆ ಮಾತ್ರ ಔಷಧದಷ್ಟೇ ಮಂದ ಮಾಡಿದ ನೀರು. ಚುಚ್ಚುವುದು ತೊಡೆಗೆ ಕಟ್ಟಿದ ದಪ್ಪ ಸ್ಪಂಜಿಗೆ.

ತೊಡೆಯೋ, ಸೊಂಟವೋ

ಕಬ್ಬೂರಿನಲ್ಲಿ ಮೊದಲು ಸಿಕ್ಕವರು ಒಬ್ಬ ಹಿರಿಯ ರೈತರು. ಸ್ಪಂಜನ್ನು ತೊಡೆಗೆ ಕಟ್ಟಲು ಹೋದರೆ ಕಾಲು ಹಿಂದೆ ಎಳೆದುಕೊಂಡರು. ಕೈಗೆ ಹಾಕುವುದು ಮಕ್ಕಳಿಗೆ, ದೊಡ್ಡವರಿಗೆ ಸೊಂಟಕ್ಕೇ ಹಾಕಬೇಕು, ಇಲ್ಲವಾದರೆ ಗುಣ ಬರುವುದಿಲ್ಲ ಎಂದರು. ತೊಡೆಗೂ ಹಾಕಬಹುದು ಎಂದು ನಾನು ವಿವರಿಸಿದೆ.

"ಹಾಕ್ತಾರ್ರಿ, ಗೊತ್ತೈತಿ. ನಮ್ಮ ಎಮ್ಮಿಗೆ ಹಾಕ್ಯಾರ" ಎಂದರು.

ಕೊನೆಗೆ ಅವರದೇ ಹಟ ನಡೆಯಿತು. ಸ್ಪಂಜು ಸೊಂಟದ ಹಿಂದೆ ಹೋಯಿತು, ಕೈ ಅಲ್ಲಿಗೆ ಹೋಗಲಿಲ್ಲ. ಒಂದು ಸುತ್ತು ತಿರುಗಿ, ಇನ್ನೊಂದು ಸುತ್ತು ತಿರುಗಿ, ಅಡುಗೆಮನೆಯಿಂದ ಹೆಂಡತಿಯನ್ನು ಕರೆದರು. ಆಯಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು, ಒತ್ತಿ ಹಿಡಿದು, ಹನಿ ನೀರು ಚೆಲ್ಲದಂತೆ ಮುಗಿಸಿ ಒಳಗೆ ಹೋದರು. ನನಗೆ ಅಳು ಬಂತು. ಇದು ತಾವೇ ಚುಚ್ಚಿಕೊಳ್ಳುವ ಸಾಧನ, ಬೇರೆಯವರು ಒತ್ತಿದರೆ ಲೆಕ್ಕಕ್ಕಿಲ್ಲ ಎಂದೆ. ಹಿರಿಯರು ನನ್ನನ್ನೇ ಪೆದ್ದನಂತೆ ನೋಡಿದರು.

"ಬ್ಯಾರೇದವರು ಎಲ್ಲಿ ಒತ್ಯಾರ್ರಿ? ನಮ್ಮ ಮನಿಯಾಕಿನ ಒತ್ಯಾಳಲ್ಲ."

ಟಕ್

ಔಷಧ ಮುಗಿದ ಕೂಡಲೇ "ಟಕ್" ಎಂದು ಸದ್ದಾಗುವ ಹಾಗೆ ಮಾಡಿದ್ದೆ. ಪುಣೆಯ ಗಾಜಿನ ಕೋಣೆಯಲ್ಲಿ ಆ ಸದ್ದಿಗೆ ಎಲ್ಲರೂ ತಲೆದೂಗಿದ್ದರು. ಅದೇ ಹೆಮ್ಮೆಯಲ್ಲಿ ಬೋರಗಾಂವಕ್ಕೆ ಹೋದೆ. ಅಲ್ಲಿ ಮನೆಮನೆಗೂ ಪವರ್‌ಲೂಮ್ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ತಲೆಗೆ ಬಂದಿರಲಿಲ್ಲ.

ನೇಕಾರರೊಬ್ಬರು ಮಗ್ಗದ ಪಕ್ಕದಲ್ಲೇ ಕೂತು ಒತ್ತಿದರು, ಒತ್ತಿದ ಕ್ಷಣಕ್ಕೇ ಎತ್ತಿದರು. ನೀರೆಲ್ಲ ಲುಂಗಿಯ ಮೇಲೆ. ಯಾಕ್ರಿ ಎಂದು ಕಿವಿಯಲ್ಲಿ ಕೂಗಿದೆ. ಟಕ್ ಎಂದ ಮೇಲೆ ಎತ್ತಲು ನೀವೇ ಹೇಳಿದ್ದು, ಟಕ್ ಅಂತು, ಎತ್ತಿದೆ ಎಂದು ಅವರೂ ಕೂಗಿದರು. ಟಕ್ ಎಂದದ್ದು ಮಗ್ಗ. ಅದು ಬೆಳಗಿನಿಂದ ಬೇರೇನೂ ಅಂದಿರಲಿಲ್ಲ.

ಕೈಮುಗಿದು ಮಗ್ಗ ನಿಲ್ಲಿಸಲು ಹೇಳಿದೆ. ನಿಲ್ಲಿಸಿದರು. ಹೊಸ ಸಾಧನ ಒತ್ತಿದರು. ಅರ್ಧವೂ ಇಳಿದಿರಲಿಲ್ಲ, ಅವರ ಮುಖ ಕಪ್ಪಿಟ್ಟಿತು, ಕಾಲು ಕುಣಿಯಿತು, ದಡಕ್ಕನೆ ಎದ್ದೇಬಿಟ್ಟರು. ಮತ್ತೆ ಲುಂಗಿ ಒದ್ದೆ. ಸಾಧನ ಕೈಯಲ್ಲೇ ಹಿಡಿದುಕೊಂಡು ಮಗ್ಗದ ಸುತ್ತ ಹುಡುಕತೊಡಗಿದರು.

"ಸಪ್ಪಳ ನಿಂತೈತ್ರಿ. ಏನೋ ಕೆಟ್ಟೈತಿ, ತಡೀರಿ" ಎಂದರು. ಮಗ್ಗ ನಿಲ್ಲಿಸಿದ್ದು ಅವರೇ.

ಸಾಹೇಬರ ಪಾಠ

ಕಿವಿಯನ್ನು ನಂಬಿ ಉಪಯೋಗವಿಲ್ಲವೆಂದು ಕಣ್ಣಿಗೆ ಕಾಣುವಂಥದ್ದು ಸೇರಿಸಿದೆ. ಸಾಧನದಲ್ಲಿ ಒಂದು ಚಿಕ್ಕ ಕಿಟಕಿ. ಔಷಧ ಇಳಿದಂತೆ ಅಲ್ಲಿ ಹಳದಿ ಪಟ್ಟಿ ಸರಿದು ಬರುತ್ತದೆ, ಕಿಟಕಿ ತುಂಬ ಹಳದಿಯಾದರೆ ಮುಗಿದ ಹಾಗೆ.

ಜನ ಎತ್ತುವುದು ತಪ್ಪಲಿಲ್ಲ. ನಾನು ಹೇಳಿಕೊಡುವುದರಲ್ಲೇ ಐಬಿದೆ ಎಂದು ಪುಣೆಯಿಂದ ನಮ್ಮ ಸಾಹೇಬರು ಖುದ್ದಾಗಿ ಚಿಕ್ಕೋಡಿಗೆ ಬಂದು ಜನರನ್ನು ಸಾಲಾಗಿ ಕೂರಿಸಿದರು. ಸ್ಪಂಜನ್ನು ತಮ್ಮ ಪ್ಯಾಂಟಿನ ಮೇಲೆಯೇ ಕಟ್ಟಿಕೊಂಡು, ಸಾಧನ ಒತ್ತಿ ಹಿಡಿದು, ಹಳದಿ ಕಾಣುವವರೆಗೆ ಎಷ್ಟು ಸಂಯಮ ಬೇಕು ಎಂಬುದರ ಮೇಲೆ ಮರಾಠಿಯಲ್ಲಿ ಭಾಷಣ ಶುರು ಮಾಡಿದರು. ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಂಡರು. ಸಾಹೇಬರಿಗೆ ಸಿಟ್ಟು ಬಂತು. ಅವರ ಕಡೆ ಕೈ ಚಾಚಿ, ಮಧ್ಯದಲ್ಲಿ ಎತ್ತಿದರೆ ಏನಾಗುತ್ತದೆ ಗೊತ್ತೇ ಎಂದು ಗದರಿದರು. ಚಾಚಿದ ಕೈಯಲ್ಲಿ ಸಾಧನವೂ ಇತ್ತು. ಉಳಿದ ನೀರೆಲ್ಲ ಮುಂದಿನ ಸಾಲಿನ ಅಜ್ಜನ ಚಹಾದ ಕಪ್ಪಿಗೆ ಇಳಿಯಿತು.

ಅಜ್ಜ ಕಪ್ಪನ್ನು ಬಗ್ಗಿ ನೋಡಿ, "ಗೊತ್ತಾತ್ರಿ" ಎಂದರು.

ಭಂಡಾರ

ಕೆಲವು ವರ್ಷಗಳ ನಂತರ ಸಾಧನ ಪೇಟೆಗೆ ಬಂತು. ಮಿರಜಿನ ಡಾಕ್ಟರು ಅಕ್ಕನಿಗೂ ಬರೆದುಕೊಟ್ಟರು, ನರ್ಸ್ ಎದುರು ಕೂರಿಸಿ ಕಲಿಸಿದರು. ಭಾವನಿಗೆ ಮಾತ್ರ ನಂಬಿಕೆ ಇರಲಿಲ್ಲ. ಒಂದು ಸಲ ಚೆಲ್ಲಿದರೂ ಮತ್ತೆ ಮಿರಜಿನ ಬಸ್ಸೇ ಎಂದು ಮೊದಲೇ ಹೇಳಿಬಿಟ್ಟಿದ್ದರು. ಅಕ್ಕ ಮನೆಯಲ್ಲಿ ಮೊದಲ ಸಲ ತಾನೇ ಹಾಕಿಕೊಳ್ಳುವ ದಿನವೇ ಖಂಡೇನವಮಿ, ಆಯುಧಪೂಜೆ ಬಂತು. ತಡೆಯಲಾಗದೆ ನಾನೂ ಹೋದೆ.

ಫ್ರಿಜ್ಜಿನ ತಂಪಿನಲ್ಲಿ ಈ ಔಷಧ ಇನ್ನೂ ಮಂದವಾಗಿರುತ್ತದೆ. ಮೊದಲೇ ತೆಗೆದು ಹೊರಗಿಡಬೇಕು. ಅಕ್ಕ ತೆಗೆದಿಟ್ಟಿದ್ದಳು, ದೇವರ ಮುಂದೆ, ಕುಡಗೋಲು, ಸಲಿಕೆ, ಬಳ್ಳಿ ಕತ್ತರಿಸುವ ಕತ್ತರಿಗಳ ಸಾಲಿನಲ್ಲಿ. ಎಲ್ಲದರ ಜೊತೆ ಅದಕ್ಕೂ ಪೂಜೆಯಾಗಿತ್ತು. ನಾನು ಅಂಗಳದಿಂದ ಒಳಗೆ, ಒಳಗಿಂದ ಅಂಗಳಕ್ಕೆ ತಿರುಗುತ್ತಿದ್ದೆ. ಅವಳು ತೊಡೆ ಒರೆಸಿಕೊಂಡು ಒತ್ತಿದ ಮೇಲೆಯೇ ಕಿಟಕಿ ನನ್ನ ಕಣ್ಣಿಗೆ ಬಿತ್ತು.

ಕಿಟಕಿ ತುಂಬ ಚಿಂಚಲಿ ಮಾಯವ್ವನ ಭಂಡಾರ, ಪೂಜೆಗೆ ಎರಚಿದ ಅರಿಸಿನ ಪುಡಿ. ಔಷಧ ಹನಿ ಇಳಿಯುವ ಮೊದಲೇ ಪೂರ್ತಿ ಹಳದಿ.

ಹಳದಿ ಕಂಡರೆ ಎತ್ತು ಎಂದು ಊರೂರು ತಿರುಗಿ ಸಾರಿದವನು ನಾನೇ. ಅಕ್ಕ ಈಗ ಎತ್ತುತ್ತಾಳೆ, ಔಷಧ ಚೆಲ್ಲುತ್ತದೆ, ಈ ಬಾತ ಬೆರಳಲ್ಲಿ ಮತ್ತೆ ಬಸ್ಸಿನ ಕಂಬಿ ಹಿಡಿಯುತ್ತಾಳೆ. ಎತ್ತಬೇಡ ಎಂದು ಕೂಗಲು ಬಾಯಿ ತೆರೆದರೆ, ಅವಳೇ ಸುಮ್ಮನಿರು ಎಂದು ಕಣ್ಣಲ್ಲಿ ಗದರಿಸಿದಳು. ಕಿಟಕಿಯ ಕಡೆ ನೋಡಿಯೇ ಇರಲಿಲ್ಲ. ಕಣ್ಣು ಮುಚ್ಚಿ ಒಡಪು ಶುರು ಮಾಡಿದಳು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಮದುವೆಯಲ್ಲಿ ನೆರೆದವರು ಕಾಡಿದರೆ ಪ್ರಾಸ ಕಟ್ಟಿ, ಕೊನೆಗೆ ಹೆಸರು ಸೇರಿಸುತ್ತಾರೆ. ಅದೇ ಒಡಪು.

"ಹೊಳೀ ತುಂಬ ನೀರ, ಬಳ್ಳೀ ತುಂಬ ಗೊನಿ, ಇವರು ಬಂದ್ರ ಬೆಳಗತೈತಿ ಮನಿ..." ಎಂದು ಅಲ್ಲಿಗೆ ನಿಂತಳು. ಮುಂದಿನದು ಹೆಸರು. ನಾಚಿಕೆಯಿಂದ ಮುಖ ಕೆಂಪಾಯಿತು. ಸುತ್ತ ನಿಂತಿದ್ದ ನಾದಿನಿಯರು ಹೇಳು ಹೇಳು ಎಂದು ಕಾಡಿದರು. ನಕ್ಕಳು, ತಲೆ ತಗ್ಗಿಸಿದಳು, ಸೆರಗು ಸರಿಮಾಡಿಕೊಂಡಳು. ಒತ್ತಿದ ಕೈ ಮಾತ್ರ ಕದಲಲಿಲ್ಲ. ಒಳಗೆ ಸಣ್ಣಗೆ ಟಕ್ ಎಂದಿತು. ಆಮೇಲೆ ಹೆಸರು ಹೇಳಿ, ಸಾಧನ ಎತ್ತಿದಳು. ತೊಡೆಯ ಮೇಲೆ ಹನಿ ಇರಲಿಲ್ಲ.

ಇದನ್ನು ಯಾರು ಕಲಿಸಿದರು ಎಂದು ಕೇಳಿದೆ.

"ನರ್ಸಬಾಯಿ ಎಣಸು ಅಂದಿದ್ರು. ಎಣಸಾಕ ಹೋದ್ರ ನಾ ಓಡತೀನಿ. ಇವರ ಹೆಸರು ಹೇಳಾಕ ಹೋದ್ರ ನಿಂದರತೀನಿ" ಎಂದಳು.

ಭಾವ ಟ್ರ್ಯಾಕ್ಟರಿಗೆ ಕಟ್ಟಬೇಕಿದ್ದ ಹಾರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ತಮ್ಮ ಹೆಸರು ಕೇಳಿ ಅವರ ಮುಖವೂ ಕೆಂಪಗಿತ್ತು.

"ಮದಿವ್ಯಾಗ ಮಂದಿ ಎಲ್ಲಾ ಕಾಡಿದ್ರೂ ಇಕಿ ಬಾಯಿ ಬಿಟ್ಟಿರಲಿಲ್ಲ" ಎಂದರು. "ಆವತ್ತ ಯಾರರೆ ಒಂದ ಸೂಜಿ ಚುಚ್ಚಬೇಕಿತ್ತ ನೋಡು."