ವಿಜ್ಞಾನದ ವ್ಯಾನೂ ನನ್ನ ಎದೆಬಡಿತವೂ

ಪುಸ್ತಕದಲ್ಲಿರುವ ವಿಜ್ಞಾನದ ಪ್ರಯೋಗ ಯಾವತ್ತೂ ಕೈಕೊಡುವುದಿಲ್ಲ. ಅದನ್ನೇ ವ್ಯಾನಿಗೆ ತುಂಬಿಕೊಂಡು ತುಮಕೂರಿನ ಶಾಲೆಗಳನ್ನು ಸುತ್ತಿ ನೋಡಿ, ವಾರಕ್ಕೊಂದು ಫಜೀತಿ ಗ್ಯಾರಂಟಿ. ನನ್ನ ಕೆಲಸವೇ ಅದು. ಒಂದು ಸಂಸ್ಥೆಯ ವ್ಯಾನಿನಲ್ಲಿ ಶಾಲೆಯಿಂದ ಶಾಲೆಗೆ ಹೋಗಿ ಬಿಸಿಲು, ಮಳೆ, ಗಾಳಿ, ನಕ್ಷತ್ರ ಇವುಗಳ ಪಾಠವನ್ನು ಮಾಡಿ ತೋರಿಸುವುದು. ಜೊತೆಗಿರುವವರು ಡ್ರೈವರಣ್ಣ ಒಬ್ಬರೇ. ಹಣೆ ತುಂಬ ವಿಭೂತಿ, ಮೈ ತುಂಬ ಧೈರ್ಯ. ನಮ್ಮಿಬ್ಬರ ಪಾಲಿನ ಧೈರ್ಯವನ್ನೆಲ್ಲ ಅವರೇ ಇಟ್ಟುಕೊಂಡು ಗಾಬರಿಯನ್ನೆಲ್ಲ ನನಗೆ ಬಿಟ್ಟುಕೊಟ್ಟಿದ್ದಾರೆ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಆ ಗಾಬರಿಗೆ ಒಂದು ನಿಜವಾದ ಕಾರಣವೂ ಸಿಕ್ಕಿತು. ನಮ್ಮ ಕೋಆರ್ಡಿನೇಟರ್ ನನ್ನನ್ನು ಕರೆದು ದನಿ ತಗ್ಗಿಸಿ ಹೇಳಿದರು: "ಮೇಡಂ, ವ್ಯಾನ್ ನಿಲ್ಲಿಸೋ ಮಾತು ನಡೀತಿದೆ. ಬೆಂಗಳೂರಿಂದ ಸಾಹೇಬ್ರು ಬಂದು ನೋಡಿ ತೀರ್ಮಾನ ಮಾಡ್ತಾರಂತೆ. ಅಲ್ಲೀವರೆಗೂ ಒಂದು ಕಂಪ್ಲೇಂಟೂ ಬರಬಾರದು, ನೋಡ್ಕೊಳ್ಳಿ."

ವ್ಯಾನು ನಿಂತರೆ ಡ್ರೈವರಣ್ಣ ಯಾರದೋ ಇಟ್ಟಿಗೆ ಲಾರಿಗೆ ಹೋಗಬೇಕು, ನಾನು ಮನೆಯ ಹಜಾರದ ಟ್ಯೂಶನ್ನಿಗೆ. ಟ್ಯೂಶನ್ನಿನಲ್ಲಿ ಸೂರ್ಯ ಪುಸ್ತಕದೊಳಗೇ ಹುಟ್ಟಿ ಪುಸ್ತಕದೊಳಗೇ ಮುಳುಗುತ್ತಾನೆ. ನನಗೆ ಈ ವ್ಯಾನು ಅಂದರೆ ಪ್ರಾಣ. ಹಾಗಾಗಿ ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಸೂರ್ಯನ ಪಾಯಸ

ಮೊದಲು ಹೋಗಿದ್ದು ಗುಬ್ಬಿ ಕಡೆಯ ಹಾಗಲವಾಡಿಗೆ. ಪಾಠ ಸೌರಶಕ್ತಿ. ನಮ್ಮಲ್ಲಿ ಒಂದು ಸೋಲಾರ್ ಕುಕ್ಕರಿದೆ. ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ. ಬಿಸಿಲಿಗೆ ಇಟ್ಟರೆ ಸಾಕು, ಒಲೆಯಿಲ್ಲದೆ ಬೇಯುತ್ತದೆ. ಬೆಳಗ್ಗೆಯೇ ಅದರಲ್ಲಿ ಹೆಸರುಬೇಳೆ, ನೀರು ಹಾಕಿ ಅಂಗಳದ ನಡುವೆ ಇಟ್ಟು, "ಮಧ್ಯಾಹ್ನ ಇದಕ್ಕೆ ಬೆಲ್ಲ ಹಾಕಿ ನಿಮಗೆಲ್ಲ ಸೂರ್ಯನೇ ಮಾಡಿದ ಪಾಯಸ" ಎಂದು ಸಾರಿಬಿಟ್ಟೆ. ಮಕ್ಕಳು ಕುಣಿದರು. ಶಾಲೆಯ ಸಮಿತಿಯ ಅಧ್ಯಕ್ಷರು ಸುದ್ದಿ ಕೇಳಿ ತೋಟದ ಕೆಲಸ ಬಿಟ್ಟು ಬಂದು ತರಗತಿಯಲ್ಲೇ ಕೂತರು. ನಾನು ಒಳಗೆ ಪಾಠ ಮಾಡುತ್ತಿದ್ದರೂ ಜೀವವೆಲ್ಲ ಆ ಪೆಟ್ಟಿಗೆಯ ಮೇಲೆಯೇ ಇತ್ತು. ಹೊರಗೆ ಮಾತ್ರ ಒಳ್ಳೆಯ ರಣಬಿಸಿಲು.

ಮಧ್ಯಾಹ್ನ ಊರೇ ಸುತ್ತ ನಿಂತಾಗ ಗಾಜು ಎತ್ತಿದೆ. ಹಬೆಯಿಲ್ಲ. ಸೌಟು ಹಾಕಿದರೆ ಬೇಳೆ ಕಟಕಟ ಸದ್ದು ಮಾಡಿತು. ಅಧ್ಯಕ್ಷರು ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡು ಕಟುಂ ಎನ್ನಿಸಿ, "ಏನ್ ಮೇಡಂ, ಸೂರ್ಯಂಗೂ ಲೋಡ್ ಶೆಡ್ಡಿಂಗಾ?" ಅಂದರು.

ಅಷ್ಟರಲ್ಲಿ ಬಿಸಿಯೂಟದ ಅಡುಗೆಯಮ್ಮ ಮುಂದೆ ಬಂದರು. ಕಂಕುಳಲ್ಲಿ ಒಂದು ದಪ್ಪ ಗೋಣಿತಾಟು. "ನಂದೇನೂ ತಪ್ಪಿಲ್ಲ ಮೇಡಂ. ನೀವು ಒಳಗೆ ಹೋದೇಟ್ಗೇ ಇದನ್ನ ಮುಚ್ಚಿ ಪಕ್ಕದಲ್ಲೇ ಕುಂತಿದ್ದೆ. ನೀವು ಬರೋದು ನೋಡಿ ಈಗ್ ತೆಗ್ದೆ."

"ಯಾಕಮ್ಮಾ ಮುಚ್ಚಿದ್ರಿ?"

"ಮತ್ತೆ? ಬೇಯೋ ಅಡುಗೇನ ಯಾರಾದ್ರೂ ನಡು ಅಂಗಳದಲ್ಲಿ ಬುಡ್ತಾರಾ? ಹೋಗೋರು ಬರೋರ ಕಣ್ಣೆಲ್ಲ ಅದರ ಮೇಲೇ. ದೃಷ್ಟಿ ತಾಗಿದ್ರೆ ಮಕ್ಕಳ ಹೊಟ್ಟೆ ಕೆಡಲ್ವಾ?"

ಅಧ್ಯಕ್ಷರು ನನ್ನ ಕಡೆ ತಿರುಗಿ ಸಮಾಧಾನ ಹೇಳಿದರು: "ಹೋಗ್ಲಿ ಬುಡಿ ಮೇಡಂ. ಯಾರ ಕಣ್ಣೂ ಬೀಳದಂಗೆ ನೋಡ್ಕೊಂಡವ್ಳೆ, ಸೂರ್ಯಂದೂ ಸೇರಿ."

ಉಪ್ಪಾರಹಳ್ಳಿಯ ಮಳೆಗಾಲ

ಪಾಯಸದ ಸುದ್ದಿ ನಮಗಿಂತ ಮುಂಚೆ ಆಫೀಸು ತಲುಪಿತ್ತು. ಕೋಆರ್ಡಿನೇಟರ್ ಬೈಯಲಿಲ್ಲ, ಒಂದು ನಿಟ್ಟುಸಿರು ಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಇನ್ನು ಬಿಸಿಲಿನ ಸಹವಾಸ ಬೇಡ, ನೀರಿನದು ನೋಡೋಣ ಎಂದು ಉಪ್ಪಾರಹಳ್ಳಿಯ ಒಂದು ಶಾಲೆಯಲ್ಲಿ ಹವಾಮಾನದ ಪಾಠ ಇಟ್ಟುಕೊಂಡೆ. ಗೇಟಿನ ಎದುರು ಒಂದು ಕಟ್ಟೆ ಇತ್ತು, ಅದರ ಮೇಲೆ ಮಳೆ ಅಳೆಯುವ ಡಬ್ಬಿ ಇಟ್ಟೆವು. ದಿನಾ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಅದನ್ನು ನೋಡಿ ಅಳತೆ ಹೇಳುವುದು, ಅಲ್ಲಿನ ಟೀಚರು ಅದನ್ನು ಬೆಂಗಳೂರಿನ ಆಫೀಸಿಗೆ ಕಳಿಸುವುದು. ಶಿವರಾತ್ರಿ ಹತ್ತಿರ ಬಂದಿದ್ದ ದಿನಗಳು, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ದಿನಾ ಸೊನ್ನೆ ಬರುತ್ತದೆ, ಸೊನ್ನೆಯಲ್ಲಿ ಯಾರು ತಪ್ಪು ಹುಡುಕುತ್ತಾರೆ ಎಂದು ನೆಮ್ಮದಿಯಾಗಿದ್ದೆ.

ಒಂದು ವಾರ ಕಳೆದಿರಬೇಕು, ಕೋಆರ್ಡಿನೇಟರ್ ಫೋನು. "ಮೇಡಂ, ಇಡೀ ಜಿಲ್ಲೆ ಒಣಗಿ ಕೂತಿದೆ. ಉಪ್ಪಾರಹಳ್ಳಿಲಿ ಮಾತ್ರ ದಿನಾ ಮಳೆ ಹೆಂಗೆ ಬರ್ತಿದೆ? ಸಾಹೇಬ್ರು ಕೇಳ್ತಿದಾರೆ. ಏನು ಹೇಳ್ಲಿ?"

ನನಗೆ ಮಕ್ಕಳ ಮೇಲೆ ಅನುಮಾನ ಬಂತು, ಟೀಚರ ಮೇಲೆ ಬಂತು, ಕೊನೆಗೆ ನನ್ನ ಡಬ್ಬಿಯ ಮೇಲೂ ಬಂತು. ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಡ್ರೈವರಣ್ಣನ ಜೊತೆ ಹೋಗಿ, ಶಾಲೆಯ ಎದುರು ವ್ಯಾನು ನಿಲ್ಲಿಸಿಕೊಂಡು ಪೊಲೀಸರ ಹಾಗೆ ಕಾದು ಕೂತೆ. ಸ್ವಲ್ಪ ಹೊತ್ತಿಗೆ ಶಾಲೆಯ ವಾಚ್‌ಮನ್ ತಾತ ಚೊಂಬು ಹಿಡಿದು ಬಂದರು. ಗೇಟು ತೆಗೆದರು, ಡಬ್ಬಿಗೆ ಒಂದಿಷ್ಟು ನೀರು ಹುಯ್ದರು, ಕೈಮುಗಿದರು. ನಾನು ವ್ಯಾನಿನಿಂದ ಧುಮುಕಿದೆ.

"ತಾತಾ! ಏನ್ ಮಾಡ್ತಿದೀರಾ?"

ತಾತ ಬೆಚ್ಚಲಿಲ್ಲ. "ಬಾಗಿಲಿಗೆ ಎದುರಾಗಿ ಬರಿ ಪಾತ್ರೆ ಇಟ್ಟು ಹೋಗಿದೀರಲ್ಲವ್ವಾ, ನೀವು ಓದಿದೋರಾ? ಪರೀಕ್ಷೆ ಬಂತು. ಮಕ್ಳು ದಿನಾ ಬೆಳಗ್ಗೆ ಅದರ ಮೊಕ ನೋಡ್ಕಂಡು ಒಳಕ್ಕೋದ್ರೆ ಪಾಸಾಗ್ತಾವಾ?"

ನಾನು ಕಟ್ಟೆಯ ಮೇಲೆ ಕೂತು ಮಳೆ ಎಂದರೇನು, ಅಳತೆ ಯಾಕೆ, ಬೆಂಗಳೂರಿನ ಸಾಹೇಬರು ಯಾರು, ನನ್ನ ಕೆಲಸ ಹೇಗೆ ತೂಗುಯ್ಯಾಲೆಯಲ್ಲಿದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರೇ ಬಂತು. ತಾತನ ಮನಸ್ಸು ಕರಗಿತು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಅಂದರು: "ಅಳಬ್ಯಾಡ ಕಣವ್ವಾ. ನನಗೇನ್ ಗೊತ್ತಿತ್ತು. ಇನ್ಮೇಲೆ ದಿನಾ ಬೆಳಗ್ಗೆ ನನಗೊಂದು ಫೋನ್ ಹಾಕು. ನಿಮ್ಮ ಸಾಹೇಬ್ರಿಗೆ ಎಷ್ಟು ಬೇಕೋ ಅಷ್ಟೇ ಹುಯ್ತೀನಿ."

ಆಕಾಶದ ಅಡಿಯಲ್ಲಿ ಸಾಹೇಬರು

ಕೊನೆಗೂ ಸಾಹೇಬರು ಬರುವ ದಿನ ಬಂತು. ಕುಣಿಗಲ್ ತಾಲ್ಲೂಕಿನಲ್ಲಿ, ಯಡಿಯೂರಿನ ಹತ್ತಿರದ ಒಂದು ಶಾಲೆ. ಅವತ್ತು ಡ್ರೈವರಣ್ಣ ಎಂದಿಗಿಂತ ಹೆಚ್ಚು ಹೊತ್ತು ಪೂಜೆಗೆ ಕೂತರು. ಆಗಲೇ ನನಗೆ ಗೊತ್ತಾಯಿತು, ಧೈರ್ಯದ ದಾಸ್ತಾನು ಅವರಲ್ಲೂ ಮುಗಿದಿದೆ ಎಂದು.

ನಮ್ಮಲ್ಲಿ ಒಂದು ಗಾಳಿ ತುಂಬುವ ತಾರಾಲಯ ಇದೆ. ಮಡಚಿದರೆ ಒಂದು ಹಾಸಿಗೆ ಸುರುಳಿ, ಗಾಳಿ ಊದುವ ಬ್ಲೋವರ್ ಹಚ್ಚಿದರೆ ಕೋಣೆಯಷ್ಟು ದೊಡ್ಡ ಗುಡಾರ. ಬ್ಲೋವರ್ ಸದ್ದು ಪಾಠಕ್ಕೆ ಅಡ್ಡಿ ಅಂತ ಅದನ್ನು ಹೆಡ್‌ಮಾಸ್ಟರ ಕೋಣೆಯಲ್ಲಿಟ್ಟು, ಉದ್ದನೆಯ ಬಟ್ಟೆಯ ಕೊಳವೆಯಲ್ಲಿ ಗಾಳಿ ತಂದೆವು. ಅದು ಓಡುತ್ತಿರುವವರೆಗೂ ಆಕಾಶ ನಿಂತಿರುತ್ತದೆ.

ಸಾಹೇಬರು ಬಂದರು. ಗಂಟುಮುಖ. ನಮಸ್ಕಾರಕ್ಕೆ ತಲೆ ಅಲ್ಲಾಡಿಸಿದ್ದೇ ಹೆಚ್ಚು. ಹೆಡ್‌ಮಾಸ್ಟರು ತೆಂಗಿನಕಾಯಿ, ಕರ್ಪೂರ ಹಿಡಿದು ನೇರ ನನ್ನ ಗುಡಾರದ ಬಾಯಿಗೇ ಹೊರಟರು. "ಹೊಸಾ ಸಾಮಾನು ಮೇಡಂ, ಒಂದು ಮಂಗಳಾರತಿ ಮಾಡ್ದೆ ಒಳಗೆ ಹೋಗೋದಾ?" ಬಟ್ಟೆಯ ಆಕಾಶಕ್ಕೆ ಕರ್ಪೂರ! ನಾನು ಅಡ್ಡ ನಿಂತು, ಕಾಡಿ ಬೇಡಿ, ಆರತಿಯನ್ನು ವ್ಯಾನಿನ ಟೈರಿಗೆ ಸಾಗಹಾಕಿದೆ. ಆಮೇಲೆ ಎಲ್ಲರೂ ಚಪ್ಪಲಿ ಬಿಟ್ಟು, ಬಾಗಿ ಒಳಗೆ ಬಂದರು. ಮಕ್ಕಳು, ನಾಲ್ಕಾರು ತಾಯಂದಿರು, ಒಬ್ಬರು ಅಜ್ಜಿ, ನಡುವೆ ಚಕ್ಕಳಮಕ್ಕಳ ಹಾಕಿದ ಸಾಹೇಬರು.

ದೀಪ ಆರಿಸಿ, ಪ್ರೊಜೆಕ್ಟರಿನಿಂದ ಬಟ್ಟೆಯ ಮೇಲೆ ನಕ್ಷತ್ರ ಬಿಟ್ಟೆ. "ಹೋ" ಎಂದು ಒಂದು ದೊಡ್ಡ ಉಸಿರು ಎದ್ದಿತು. ಅಜ್ಜಿ "ಶಿವಾ ಶಿವಾ" ಅಂದರು. ಸಾಹೇಬರ ಗಂಟು ಕೂಡ ಸ್ವಲ್ಪ ಸಡಿಲವಾದಂತೆ ಕಂಡಿತು. ವ್ಯಾನು ಉಳಿಯಿತು ಅಂದುಕೊಂಡು ಸಪ್ತರ್ಷಿ ಮಂಡಲದ ಕಡೆ ಕೈ ತೋರಿಸಿದೆ. ಸಪ್ತರ್ಷಿಗಳು ಹತ್ತಿರ ಬಂದರು. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ. ಇನ್ನೂ ಹತ್ತಿರ ಬಂದರು. ಆಕಾಶ ತಲೆಯ ಮೇಲೆ ಬಿತ್ತು ಎಂದು ಸಣ್ಣಪುಟ್ಟದ್ದಕ್ಕೆಲ್ಲ ಅನ್ನುತ್ತಿರುತ್ತೇವೆ. ನನಗೆ ಅವತ್ತು ಅದು ಮೊದಲು ತಲೆಗೆ, ಆಮೇಲೆ ಮೂಗಿಗೆ ತಾಗಿತು.

ಒಳಗೆ ಗುಜುಗುಜು. ಯಾರೋ ಅಳಲು ಶುರುಮಾಡಿದರು. ಒಬ್ಬರು ಎದ್ದು ಓಡಿದರೂ ಕಾಲ್ತುಳಿತ ಆಗುತ್ತದೆ. ನಾನು ಬಟ್ಟೆಯಡಿಯಿಂದ ಕೂಗಿದೆ: "ಮಕ್ಕಳೇ, ಯಾರೂ ಏಳಬೇಡಿ! ಇದು ಪ್ರಯೋಗ! ಎಲ್ಲರೂ ಎರಡೂ ಕೈಯಲ್ಲಿ ಆಕಾಶ ಎತ್ತಿ ಹಿಡೀರಿ! ಇಷ್ಟು ಹೊತ್ತು ಇದನ್ನ ಎತ್ತಿ ಹಿಡಿದಿದ್ದು ಏನು?"

"ಗಾಳೀ..." ಅಂದವು ಮಕ್ಕಳು.

"ಏನು ಅಂತ? ಜೋರಾಗಿ!"

"ಗಾಳಿಯ ಒತ್ತಡಾ..."

"ಸಾಹೇಬ್ರೇ, ನೀವೂ ಒಂಚೂರು ಎತ್ರಪ್ಪಾ, ನನ್ ಕೈ ನೋಯ್ತದೆ" ಅಂದರು ಅಜ್ಜಿ. ಸಾಹೇಬರು ಎತ್ತಿದರು. ಡ್ರೈವರಣ್ಣ ಹೊರಗಿನಿಂದ ಗುಡಾರದ ಬಾಯಿ ತೆರೆದು ಹಿಡಿದರು. ಎಲ್ಲರೂ ಒಬ್ಬೊಬ್ಬರಾಗಿ ಅಂಬೆಗಾಲಿಟ್ಟು ಹೊರಗೆ ಬಂದರು. ಯಾರಿಗೂ ಏನೂ ಆಗಿರಲಿಲ್ಲ.

ಹೆಡ್‌ಮಾಸ್ಟರು ಎಳನೀರು ಹಿಡಿದು ಬಂದು ತಬ್ಬಿಬ್ಬಾಗಿ ನಿಂತರು. "ಏನಾಯ್ತು ಮೇಡಂ? ನಾನು ಎಳನೀರು ತರೋಣ ಅಂತ ಹೋದೆ. ರೂಮಲ್ಲಿ ಯಾರೂ ಇಲ್ಲ, ನಿಮ್ಮ ಆ ಊದೋ ಫ್ಯಾನ್ ಸುಮ್ನೆ ಓಡ್ತಿತ್ತು. ಬೆಳಗ್ಗೆ ತಾನೇ ವಿದ್ಯುತ್ ಉಳಿಸಿ ಅಂತ ನೀವು ಪಾಠ ಮಾಡಿದ್ರಲ್ಲ, ಆರಿಸಿ ಬಂದೆ."

ನನ್ನ ಪಾಠ ಅಷ್ಟು ಚೆನ್ನಾಗಿ ತಲೆಗೆ ಹೋಗಿದ್ದು ಅದೇ ಮೊದಲು.

ಸಾಹೇಬರು ಕೊನೆಯಲ್ಲಿ ಬಂದರು. ಕೂದಲು ನಿಮಿರಿ ನಿಂತಿತ್ತು, ಕನ್ನಡಕ ಒಂದು ಕಿವಿಗೆ ಮಾತ್ರ ಇತ್ತು. ನನ್ನನ್ನು ಪಕ್ಕಕ್ಕೆ ಕರೆದರು. ಇಟ್ಟಿಗೆ ಲಾರಿ, ಟ್ಯೂಶನ್ ಎರಡೂ ಕಣ್ಣ ಮುಂದೆ ಹಾದುಹೋದವು. ಡ್ರೈವರಣ್ಣ ಕೈಮುಗಿದುಕೊಂಡು ನಿಂತಿದ್ದರು.

"ಮೇಡಂ, ಇದು ನಿಜವಾಗಿ ಪ್ರಯೋಗವೇ?"

ಸುಮ್ಮನೆ ತಲೆ ಆಡಿಸಿದೆ. ಹೌದು ಅಂತಲೋ, ಇಲ್ಲ ಅಂತಲೋ ನನಗೇ ಗೊತ್ತಿಲ್ಲ.

"ಗಾಳಿಯ ಒತ್ತಡ ಅಂತ ಓದಿದ್ದೆ. ತಲೆ ಮೇಲೆ ಹೊತ್ತಿದ್ದು ಇವತ್ತೇ" ಎಂದು ಕನ್ನಡಕ ಸರಿಮಾಡಿಕೊಂಡರು. "ವ್ಯಾನ್ ನಿಲ್ಲಿಸೋದು ಬೇಡ ಅಂತ ಬರೀತೀನಿ. ಆದ್ರೆ ಮುಂದಿನ ತಿಂಗಳು ನಮ್ಮ ಸಂಸ್ಥೆಯ ಅಧ್ಯಕ್ಷರು ನೋಡೋಕೆ ಬರ್ತಾರೆ. ನನ್ನ ಜೀವ ತಿಂದವರು ಅವರು." ಸುತ್ತ ನೋಡಿ ದನಿ ತಗ್ಗಿಸಿದರು. "ಅವರನ್ನೂ ಇಲ್ಲೇ ನಡುವೆ ಕೂರಿಸಿ. ಆ ಹೆಡ್‌ಮಾಸ್ಟರು ಎಳನೀರು ತರೋಕೆ ಹೋಗ್ಲಿ."