ಪ್ಲಾಸ್ಟಿಕ್ ಕುರ್ಚಿ ಹತ್ತಿದ ವರ

ದಾಂಡೇಲಿಯಲ್ಲಿ ಹಾರ್ನ್‌ಬಿಲ್ ಹಕ್ಕಿಗಳನ್ನು ಬಿಟ್ಟರೆ ನಮ್ಮ ಕಾಕಾನಷ್ಟು ಎತ್ತರದಲ್ಲಿ ಬದುಕಿದವರು ಇನ್ನೊಬ್ಬರಿಲ್ಲ! ಕಾಗದದ ಕಾರ್ಖಾನೆಯಲ್ಲಿ ಎತ್ತರದ ಕೆಲಸಗಳಿಗಾಗಿ ಕಬ್ಬಿಣದ ಪೈಪು ಜೋಡಿಸಿ ಸ್ಕ್ಯಾಫೋಲ್ಡಿಂಗ್ ಕಟ್ಟುವುದೇ ಅವರ ನೌಕರಿಯಾಗಿತ್ತು. ಚಿಮಣಿಯ ತುದಿಯಲ್ಲಿ ಕೂತು ಬುತ್ತಿ ಬಿಚ್ಚಿದವರು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಅವರೇ ಕೂತಿದ್ದರೋ, ಚಿಕ್ಕಂದಿನಲ್ಲಿ ನಾನೇ ಅವರನ್ನು ಅಲ್ಲಿ ಕೂರಿಸಿದೆನೋ, ಆಣೆ ಮಾಡಿ ಹೇಳಲಾರೆ. ಆದರೆ ನಿವೃತ್ತರಾಗಿ ಕೋಗಿಲಬನದ ಮನೆಗೆ ಬಂದ ಮೇಲೆ ಯಾರಾದರೂ ಮಣೆಯ ಮೇಲೆ ನಿಂತರೂ ಕಾಕಾನ ಎದೆ ಡವಗುಟ್ಟುತ್ತದೆ ಎನ್ನುವುದಂತೂ ಖರೆ.

ಅವರ ಪ್ರಕಾರ ಪ್ರತಿ ಎತ್ತರಕ್ಕೂ ಅದರದೇ ವಾಹನವಿದೆ. ಕಪಾಟಿನ ಮೇಲಿನ ಡಬ್ಬಿಗೆ ಅಗಲ ಕಾಲಿನ ಸ್ಟೂಲು. ಬಲ್ಬಿಗೆ ಮಡಚುವ ಏಣಿ. ಮಾಳಿಗೆಗೆ ಉದ್ದ ಏಣಿ. ಅದೂ ನಾಲ್ಕು ಅಡಿ ಎತ್ತರಕ್ಕೆ ಗೋಡೆಯಿಂದ ಒಂದು ಅಡಿ ಹೊರಗೆ ಕಾಲು ಚಾಚಿರಬೇಕು, ಮೇಲೆ ಹಗ್ಗ ಬಿಗಿದಿರಬೇಕು. ಎರಡೂ ಕೈ ಬೇಕಾಗುವ ಉದ್ದನೆಯ ಕೆಲಸಕ್ಕೆ ಸ್ಕ್ಯಾಫೋಲ್ಡಿಂಗ್. ಬೀದಿದೀಪಕ್ಕೆ ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಗಾಡಿ. ಹಾಗಾದರೆ ಕುರ್ಚಿ?

"ಕುರ್ಚಿ ಕುಂಡಿಗೆ ಮಾಡ್ಯಾರ, ಕಾಲಿಗಲ್ಲ!"

ಒಮ್ಮೆ ಪಡಸಾಲೆಗೆ ಸುಣ್ಣ ಹಚ್ಚಲೆಂದು ಮನೆಯೊಳಗೇ ಸ್ಕ್ಯಾಫೋಲ್ಡಿಂಗ್ ಎಬ್ಬಿಸಿದರು. ಸುಣ್ಣ ಸಂಜೆಗೇ ಮುಗಿಯಿತು. ಪೈಪುಗಳು ಮಾತ್ರ ದೀಪಾವಳಿ ದಾಟಿದರೂ ನಿಂತೇ ಇದ್ದವು. "ಇಷ್ಟು ಚಂದ ಕಟ್ಟಿದ್ದನ್ನ ಹೆಂಗ ಬಿಚ್ಚಲಿ?" ಎಂದು ಕಾಕಾ ಕಣ್ಣು ತುಂಬಿಕೊಂಡರು. ಅವರ ಹೆಂಡತಿ, ನಮ್ಮ ಕಾಕು, ಅದರ ಮೇಲೆ ಶಾವಿಗೆ ಒಣಹಾಕಿದರು!

ಇಂಥ ಮನೆಗೆ ಕನ್ಯಾ ನೋಡಲು ಮುಂಡಗೋಡದಿಂದ ಒಬ್ಬ ಹುಡುಗ ತಾಯಿಯೊಂದಿಗೆ ಬಂದ. ಬೀಜ-ಗೊಬ್ಬರದ ಅಂಗಡಿಯವನು. ಬಂದ ವರಗಳಿಗೆಲ್ಲ ಒಲ್ಲೆನೆಂದಿದ್ದ ನನ್ನ ತಂಗಿ, ಅಂದರೆ ಕಾಕಾನ ಒಬ್ಬಳೇ ಮಗಳು, ಈ ಸಲ ಹುಡುಗನನ್ನು ಕದ್ದು ನೋಡುವ ಭರದಲ್ಲಿ ಉಪ್ಪಿಟ್ಟಿಗೆ ಎರಡೆರಡು ಸಲ ಉಪ್ಪು ಹಾಕಿದ್ದಳು. ಅದನ್ನು ಹುಡುಗ ಎರಡೆರಡು ಸಲ ಹಾಕಿಸಿಕೊಂಡು ತಿಂದ! ಇನ್ನೇನು ಬೇಕು? ಅಷ್ಟರಲ್ಲಿ ದೇವರ ಫೋಟೋದ ಮಾಲೆ ಜಾರಿತು. ಹುಡುಗ ಛಂಗನೆ ಪ್ಲಾಸ್ಟಿಕ್ ಕುರ್ಚಿ ಹತ್ತಿದ.

"ಇಳೀರಿ ಕೆಳಗ!"

ಕಾಕಾನ ಕೂಗಿಗೆ ಹುಡುಗನ ತಾಯಿಯ ಕೈಯ ಬಸಿಯೊಳಗಿನ ಚಹಾ ಸೀರೆಗೆ ಬಂತು.

ಅವರು ಹೋದ ಮೇಲೆ ಕಾಕಾ ತೀರ್ಪು ಕೊಟ್ಟರು. "ಈ ಸಂಬಂಧ ಬ್ಯಾಡ."

"ಯಾಕ್ರೀ, ಕುಡೀತಾನಂತೇನು?" ಎಂದರು ಕಾಕು.

"ಇಲ್ಲ."

"ಇಸ್ಪೀಟು?"

"ಅದಕ್ಕಿಂತ ಕೆಟ್ಟ ಚಟ. ಕುರ್ಚಿ ಹತ್ತತಾನ."

ಕಾಕುವಿನ ಕಾಟಕ್ಕೆ, ವರನ ಮನೆ ನೋಡುವ ಪದ್ಧತಿಯಾದರೂ ಮುಗಿಯಲೆಂದು ಕಾಕಾ ಮುಂಡಗೋಡಕ್ಕೆ ಹೊರಟರು. ನನ್ನನ್ನೂ ಕರೆದೊಯ್ದರು. ಬೇರೆಯವರು ಹೊಲ ನೋಡುತ್ತಾರೆ, ಬಾವಿ ನೋಡುತ್ತಾರೆ. ನಮ್ಮ ಕಾಕಾ ನೋಡಿದ್ದು, ಮೇಲಿನ ಸಾಮಾನು ಇವರು ಹೇಗೆ ಇಳಿಸುತ್ತಾರೆ ಎಂದು! ಅಂಗಡಿಯಲ್ಲಿ ಹುಡುಗ ಗೊಬ್ಬರದ ಚೀಲಗಳ ಗುಡ್ಡ ಏರಿ ಬೆಂಡೆಬೀಜದ ಪೊಟ್ಟಣಕ್ಕೆ ಕೈಚಾಚಿದ್ದ. ಮನೆಯಲ್ಲಿ ಅವನ ತಾಯಿ, "ನಿಮಗಂತ ಹೊಸಾ ಉಪ್ಪಿನಕಾಯಿ ತಗೀತೇನಿ ಇರ್ರಿ" ಎಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತರು. ಕಾಕಾ ತಲೆಯ ಮೇಲೆ ಕೈಹೊತ್ತು ನನ್ನ ಕಿವಿಯಲ್ಲಿ ಉಸುರಿದರು: "ಮನೆತನದಾಗ ಐತಿ ಇದು!"

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಕಾಕಾನಿಂದ ಇದನ್ನು ಕೇಳಿ ತಂಗಿ ತಾಟು ಸರಿಸಿ ಎದ್ದಳು. "ಅಪ್ಪಾ, ಮದುವಿ ಆದ್ರ ಅವರನ್ನ. ಇಲ್ಲಾಂದ್ರ ಇಲ್ಲೇ ಇರ್ತೇನಿ, ನಿಮ್ಮ ಏಣಿಗಳ ಜೋಡಿ."

ಅವಳು ಹುಸಿ ಬೆದರಿಕೆ ಹಾಕುವವಳಲ್ಲ. ಕಾಕಾ ಎರಡು ದಿನ ಉಣ್ಣದೆ ಯೋಚಿಸಿ, "ಪರೀಕ್ಷಾಕ್ಕ ಕರೀರಿ" ಎಂದರು.

ಭಾನುವಾರ ಹುಡುಗ ಬಂದ. ಅಂಗಳದಲ್ಲಿ ಸ್ಟೂಲು, ಮಡಚುವ ಏಣಿ, ಉದ್ದ ಏಣಿ ಸ್ವಯಂವರಕ್ಕೆ ಬಂದ ರಾಜರಂತೆ ಸಾಲಾಗಿ ನಿಂತಿದ್ದವು.

"ಬಲ್ಬ್ ಹೋಗೇತಿ. ಏನ್ ಮಾಡ್ತೀರಿ?"

"ಮೊದಲ ಕರೆಂಟ್ ಬಂದ್ ಮಾಡ್ತೇನ್ರಿ. ಮಡಚೋ ಏಣಿ ತಂದು, ಕಾಲು ಪೂರಾ ಬಿಚ್ಚಿ, ಲಾಕ್ ಹಾಕ್ತೇನ್ರಿ."

"ಉದ್ದನ ಏಣಿ?"

"ನಾಲ್ಕಕ್ಕ ಒಂದ್ರಿ."

ಪಾಠ ಫೋನಿನಲ್ಲಿ ಆಗಿದೆ ಎಂದು ಯಾರಿಗೆ ತಿಳಿಯುವುದಿಲ್ಲ? ಬಾಗಿಲ ಹಿಂದೆ ತಂಗಿಯ ಬಳೆಗಳೇ ಹೇಳುತ್ತಿದ್ದವು. ಕಾಕಾ ಪಾಠದಲ್ಲಿಲ್ಲದ ಪ್ರಶ್ನೆ ಎಸೆದರು.

"ಲಾಕ್ ಇಲ್ಲ, ಕಟ್ಟಾಕ ಹಗ್ಗನೂ ಇಲ್ಲ. ಆವಾಗ?"

ಬಳೆಗಳ ಸದ್ದು ನಿಂತಿತು. ಹುಡುಗ ತಲೆ ಕೆರೆದುಕೊಂಡ.

"ಕೆಳಗ ಹಿಡ್ಯಾಕ ಒಬ್ಬರನ್ನ ಕರೀತೇನ್ರಿ."

"ಯಾರನ್ನ?"

"ನಿಮ್ಮ ಮಗಳನ್ನ್ರಿ. ನೀವು ಕೊಟ್ರ."

ಹುಡುಗ ಅಂದದ್ದು ಬರೀ "ಯಾರರ ಇದ್ರ ಅವರನ್ನ" ಎಂದು ತಂಗಿ ಈಗ ವಾದಿಸುತ್ತಾಳೆ. ಇರಬಹುದು. ನನ್ನ ಕಿವಿಗೆ ಕೇಳಿಸಿದ್ದನ್ನು ನಾನು ಬಿಟ್ಟುಕೊಡಲಾರೆ. ಏನೇ ಅಂದಿರಲಿ, ಕಾಕಾ ಮಡಚುವ ಏಣಿಯನ್ನು ಮಡಚಿಟ್ಟು, ಒಳಗೆ ತಿರುಗಿ, "ಸಕ್ರಿ ಹಾಕಿ ಚಹಾ ಮಾಡ್ರಿ" ಎಂದರು.

ಮದುವೆಯ ಹಿಂದಿನ ದಿನ, ತೋರಣ ತಾನೇ ಕಟ್ಟುತ್ತೇನೆಂದು ತಂಗಿ ಹಟ ಹಿಡಿದಳು. ಕಾಕಾ ತಕರಾರು ಮಾಡಲಿಲ್ಲ. ಮಡಚುವ ಏಣಿ ತಂದು, ಲಾಕ್ ಹಾಕಿ, ಅಲ್ಲಾಡಿಸಿ ನೋಡಿದರು. ಅವಳು ಹತ್ತಿದಳು. ಕಾಕಾ ಎರಡೂ ಕೈಯಿಂದ ಏಣಿ ಹಿಡಿದರು.

"ಲಾಕ್ ಹಾಕೀರಲ್ಲಾ, ತಾನ ನಿಂದರ್ತೈತಿ. ಯಾಕ ಹಿಡಕೊಂಡೀರಿ?" ಎಂದರು ಕಾಕು.

ಕಾಕಾ ಹಿಡಿತ ಇನ್ನಷ್ಟು ಬಿಗಿ ಮಾಡಿದರು. ತಂಗಿ ಮಾವಿನೆಲೆ ಕಟ್ಟಿ ಇಳಿದಳು. ಬಳೆ ಇಡಿಸಿಕೊಳ್ಳಲು ಯಾರೋ ಕರೆದರು, ಒಳಗೆ ಓಡಿದಳು. ಕಾಕಾ ಮಾತ್ರ ಹಾಗೆಯೇ ನಿಂತಿದ್ದರು.

ನಾನು ಹತ್ತಿರ ಹೋಗಿ, "ಕಾಕಾ, ಆಕಿ ಇಳದು ಹೋದಳು" ಎಂದೆ.

"ಗೊತ್ತೈತಿ" ಎಂದರು. ಕೈ ಬಿಡಲಿಲ್ಲ.