ಜಿಪ್ಪಕ್ಕನ ಅಂಗಡಿಗೆ ದಾರಿ

ಇಷ್ಟೆಲ್ಲ ರಗಳೆಗೆ ಕಾರಣ ಒಂದು ಗಾಜಿನ ತೊಟ್ಟಿ.

ಭಾವನಿಗೆ ಮೀನು ಸಾಕುವ ಆಸೆ ಹುಟ್ಟಿತ್ತು. ಮಂಚದಷ್ಟು ಉದ್ದದ ತೊಟ್ಟಿಯೊಂದನ್ನು ಆರಿಸಿಟ್ಟು ಬಂದಿದ್ದರು. ಅದನ್ನಿಡಲು ಮನೆಯಲ್ಲಿದ್ದ ಜಾಗವೆಂದರೆ ಓಣಿಗೆ ಬಾಗಿಲಿದ್ದ ಮುಂದಿನ ಕೋಣೆ. ಆ ಕೋಣೆಯಲ್ಲಿ ತಮ್ಮನ ಹೆಂಡತಿಯ ಹೊಲಿಗೆ ಯಂತ್ರವಿತ್ತು, ಗೋಡೆಯ ತುಂಬ ಬಣ್ಣಬಣ್ಣದ ಜಿಪ್ಪುಗಳು ತೂಗುತ್ತಿದ್ದವು, ಬಾಗಿಲ ಮೇಲೆ 'ನೂತನ ವಸ್ತ್ರ ಪುನರುಜ್ಜೀವನ ಕೇಂದ್ರ' ಎಂಬ ಬೋರ್ಡಿತ್ತು. ಇಲ್ಲದಿದ್ದವರು ಗಿರಾಕಿಗಳು ಮಾತ್ರ. ಓಣಿಯವರೆಲ್ಲ ತಮ್ಮ ಕೆಟ್ಟ ಜಿಪ್ಪುಗಳನ್ನು ಎಂದೋ ಬದಲಾಯಿಸಿಕೊಂಡಾಗಿತ್ತು. ಅವಳ ಹೊಲಿಗೆ ಎಷ್ಟು ಗಟ್ಟಿಯೆಂದರೆ ಯಾರೂ ಎರಡನೇ ಸಲ ಬರುವ ಪ್ರಮೇಯವೇ ಇರಲಿಲ್ಲ. ಪ್ರೀತಿಯಿಂದ ಜಿಪ್ಪಕ್ಕ ಎಂದು ಕರೆಯುತ್ತಿದ್ದರು, ಅಷ್ಟೆ.

ಬೆಳಿಗ್ಗೆ ಆಫೀಸಿಗೆ ಹೊರಟ ಭಾವ ಕೋಣೆಯನ್ನು ಕಣ್ಣಿನಲ್ಲೇ ಅಳೆದರು. "ನೋಡಮ್ಮ, ನಾನೇನು ನಿರ್ದಯಿ ಅಲ್ಲ. ಸಂಜೆ ನಾನು ಬರೋದ್ರೊಳಗೆ ಗೊತ್ತಿಲ್ಲದ ಮುಖ ಒಂದಾದ್ರೂ ಅಂಗಡಿ ಹುಡುಕ್ಕೊಂಡು ಬಂದ್ರೆ ಕೋಣೆ ನಿಂದೇ. ಇಲ್ಲಾಂದ್ರೆ ಮೀನಿಂದು."

"ಆಗ್ಲಿ ಭಾವ. ನಿಮ್ಮ ಬ್ಯಾಗ್ ಕೊಡಿ, ಆ ಜಿಪ್ಪಾದ್ರೂ ಹಾಕಿಡ್ತೀನಿ."

"ಮೊದ್ಲು ಹೊರಗಿನವರು ಬರ್ಲಿ," ಎಂದು ಅವರು ಪಿನ್ನು ಚುಚ್ಚಿದ ಬ್ಯಾಗನ್ನು ಬಗಲಿಗೇರಿಸಿ, ಮಳೆ ಬರುತ್ತದೆಯೇ ಎಂದು ಫೋನಿನಲ್ಲಿ ನೋಡಿದರು. ಬಾಗಿಲು ತೆರೆದೇ ಇತ್ತು, ಆಕಾಶ ಎದುರಿಗೇ ಇತ್ತು. ಆದರೆ ಭಾವ ನಂಬುತ್ತಿದ್ದುದು ಫೋನನ್ನು.

ಆ ಮನೆಯಲ್ಲಿ ಬೇರೆ ಬಾಗಿಲುಗಳನ್ನೆಲ್ಲ ಜಿಪ್ಪಕ್ಕ ಯಾರೋ ಕರೆದಾಗ ತೆರೆಯುತ್ತಿದ್ದಳು. ಈ ಒಂದನ್ನು ಮಾತ್ರ ತಾನಾಗಿಯೇ ತೆರೆಯುತ್ತಿದ್ದಳು. ಅಲ್ಲಿ ಮೀನುಗಳು ಬಾಯಿ ಕಳೆಯುತ್ತ ಓಡಾಡುವುದನ್ನು ನೆನೆದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳ್ಬೇಡ, ಫೋನ್ ತಗೊಂಡು ಬಾ," ಎಂದಳು ಓರಗಿತ್ತಿ. ಭಾವನ ಹೆಂಡತಿಯಾದರೂ ಆಕೆ ಮೀನಿನ ಪಕ್ಷದವಳಲ್ಲ. ತೊಟ್ಟಿ ತೊಳೆಯುವವರು ಯಾರೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಸಾಲದ್ದಕ್ಕೆ, ಸಣ್ಣ ಅಂಗಡಿಗಳನ್ನು ಇಂಟರ್ನೆಟ್ಟಿನಲ್ಲಿ ಕಾಣುವಂತೆ ಮಾಡುವುದು ಹೇಗೆಂಬ ಉಚಿತ ತರಗತಿಯಲ್ಲಿ ಆಕೆ ಒಂದು ಮಧ್ಯಾಹ್ನ ಕೂತು ಬಂದಿದ್ದಳು.

"ಮೊದ್ಲು ಈ ಪುನರುಜ್ಜೀವನ ತೆಗಿ. ಜಿಪ್ ಕಿತ್ತೋದವನು ಏನಂತ ಹುಡುಕ್ತಾನೆ ಹೇಳು?"

"ಜಿಪ್ ಕಿತ್ತೋಗಿದೆ ಅಂತ."

"ಅದೇ! ನಾವು ನಮ್ಮನ್ನ ಏನಂತ ಕರ್ಕೋತೀವಿ ಅನ್ನೋದಲ್ಲ ಮುಖ್ಯ. ಜನ ಏನಂತ ಹುಡುಕ್ತಾರೋ ಆ ಮಾತು ನಮ್ಮ ಪೇಜಲ್ಲಿರ್ಬೇಕು."

ಜಿಪ್ಪಕ್ಕ ಹುಡುಕುವ ಜಾಗದಲ್ಲಿ 'ಜಿಪ್' ಎಂದು ಬರೆದದ್ದೇ ತಡ, ಜನ ಕೇಳಿದ ಪ್ರಶ್ನೆಗಳು ಒಂದರ ಕೆಳಗೊಂದು ಇಳಿದುಬಂದವು. ಜಿಪ್ ಅರ್ಧಕ್ಕೆ ನಿಂತರೆ ಏನು ಮಾಡಬೇಕು. ಬೆನ್ನಿನ ಜಿಪ್ ಒಬ್ಬರೇ ಹಾಕಿಕೊಳ್ಳುವುದು ಹೇಗೆ. ಹಾಕಿದ ಜಿಪ್ ತೆಗೆಯಲು ಬರುತ್ತಿಲ್ಲ.

ಅವಳು ಬೆರಗಾಗಿ ನೋಡಿದಳು. ಎಷ್ಟೆಲ್ಲ ಕೋಣೆಗಳಲ್ಲಿ, ಎಷ್ಟೆಲ್ಲ ಕನ್ನಡಿಗಳ ಮುಂದೆ, ಬೆನ್ನಿಗೆ ಕೈ ಎಟುಕದೆ ನಿಂತ ಹೆಂಗಸರು! ಪಕ್ಕದ ಕೋಣೆಯವರನ್ನು ಕರೆಯಲು ನಾಚಿ ಫೋನನ್ನು ಕೇಳುತ್ತಿದ್ದಾರೆ. ಅವರೆಲ್ಲರ ಬೆನ್ನಿನ ಹಿಂದೆ ತಾನೊಬ್ಬಳೇ ನಿಂತ ಹಾಗೆ ಅವಳಿಗೆ ಅನಿಸಿತು.

"ಕನಸು ಕಾಣ್ತಾ ಕೂರ್ಬೇಡ," ಎಂದಳು ಓರಗಿತ್ತಿ. "ಈಗ ಮೊದಲನೇದಾಗಿ ಬರೋದು ಮುಖ್ಯ ರಸ್ತೆಯ ಬ್ಯಾಗ್ ಡಾಕ್ಟರ್ ಅಂಗಡಿ. ಅವನು ಯಾವ ಮಾತು ಹಾಕಿದಾನೆ ನೋಡು."

ಅದನ್ನು ಕೂತಲ್ಲೇ ಫೋನಿನಲ್ಲಿ ನೋಡಬಹುದಿತ್ತು. ಜಿಪ್ಪಕ್ಕನಿಗೆ ನೋಡುವುದೆಂದರೆ ಹೋಗಿ ನೋಡುವುದು. ಫೋನಿನಲ್ಲಿ ಅರ್ಧ ತುಂಬಿದ್ದ ಅಂಗಡಿಯ ಪೇಜನ್ನು ಹಾಗೇ ಹಿಡಿದು ಮುಖ್ಯ ರಸ್ತೆಗೆ ಹೋದಳು. ಬ್ಯಾಗ್ ಡಾಕ್ಟರನ ಬಾಗಿಲ ಪಕ್ಕ, ಸಾಲಾಗಿ ನೇತುಹಾಕಿದ್ದ ಸೂಟ್‌ಕೇಸುಗಳ ಮರೆಯಲ್ಲಿ ಇನ್ನೊಂದು ಸೂಟ್‌ಕೇಸಿನಂತೆ ನಿಂತು, ಅವನ ಬೋರ್ಡಿನ ಮಾತುಗಳನ್ನು ಪೇಜಿಗೆ ಇಳಿಸಿಕೊಂಡಳು. ಮುಗಿಯುವಷ್ಟರಲ್ಲಿ ಫೋನು ಒಂದು ಕೆಂಪು ಬೊಟ್ಟು ತೋರಿಸಿ ಇನ್ನೇನೋ ಕೇಳಿತು. "ಯಾರಮ್ಮ ಅಲ್ಲಿ, ಏನ್ಬೇಕು?" ಎಂದು ಬ್ಯಾಗ್ ಡಾಕ್ಟರ್ ತಲೆಯೆತ್ತಿದ. ಅವಳು ಗಾಬರಿಯಲ್ಲಿ ಫೋನಿಗೆ 'ಹೌದು' ಎಂದು ಒತ್ತಿ, ಅವನಿಗೆ "ಏನಿಲ್ಲ" ಎಂದು ಹೇಳಿ ಓಡಿಬಂದಳು.

ಮಧ್ಯಾಹ್ನದ ಹೊತ್ತಿಗೆ ಪೇಜು ತಯಾರಾಯಿತು. ಓರಗಿತ್ತಿ ಅಂಗಡಿಯ ಫೋಟೋ ಹಾಕಿದಳು, ಬಾಗಿಲು ತೆರೆಯುವ ಮುಚ್ಚುವ ಹೊತ್ತು ಹಾಕಿದಳು, 'ಜಿಪ್ ರಿಪೇರಿ' ಎಂದು ಬರೆದು, ಕಣ್ಣು ಮುಚ್ಚಿಕೊಂಡು ಹುಡುಕು ಒತ್ತಿದಳು. ಒಂದು ಕಣ್ಣು ತೆರೆದು ಕಿರುಚಿದಳು.

ಜಿಪ್ಪಕ್ಕನ ಅಂಗಡಿ ಎಲ್ಲಕ್ಕಿಂತ ಮೇಲಿತ್ತು.

ಕಿರುಚಿದ ಸದ್ದಿಗೆ ಎದುರಿನ ಕ್ಷೌರದಂಗಡಿಯ ಕಟಿಂಗ್ ಮಾಮ ಕತ್ತರಿ ಹಿಡಿದೇ ಬಂದ. ಪಕ್ಕದ ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ಇಬ್ಬರೂ ತಂತಮ್ಮ ಫೋನಿನಲ್ಲಿ ಹುಡುಕಿದರು. ಅಲ್ಲೂ ಮೇಲೆಯೇ!

"ಇಡೀ ಲೋಕದಲ್ಲಿ ಜಿಪ್ ಅಂದ್ರೆ ನೀನೇ ಅಂತಾಯ್ತಲ್ಲಕ್ಕ," ಎಂದ ಕಟಿಂಗ್ ಮಾಮ ಕತ್ತರಿಯನ್ನು ಎದೆಗೆ ಒತ್ತಿಕೊಂಡು. ಬೇಕರಿಯಮ್ಮ ಅದುವರೆಗೆ ಒರಗಿ ನಿಂತಿದ್ದ ಹೊಲಿಗೆ ಯಂತ್ರದಿಂದ ಭಯಭಕ್ತಿಯಿಂದ ಎರಡು ಹೆಜ್ಜೆ ದೂರ ಸರಿದಳು.

ಅಷ್ಟರಲ್ಲಿ ಫೋನು ಟಿಣ್ ಎಂದಿತು. 'ಒಬ್ಬರು ನಿಮ್ಮ ಅಂಗಡಿಗೆ ದಾರಿ ಕೇಳಿದ್ದಾರೆ.' ಇನ್ನೊಂದು ಟಿಣ್. ನೋಡನೋಡುತ್ತ ಎಂಟು ಜನರಾದರು. ಜಿಪ್ಪಕ್ಕ ತಲೆ ಬಾಚಿಕೊಂಡಳು, ಸ್ಟೂಲು ಒರೆಸಿದಳು, ಯಂತ್ರಕ್ಕೆ ಎಣ್ಣೆ ಬಿಟ್ಟಳು. ಓಣಿಯಲ್ಲಿ ಒಂದು ನಾಯಿ ಬಂದು ಹೋಯಿತು. ಮತ್ತೆ ಯಾರೂ ಬರಲಿಲ್ಲ.

"ಓಣಿ ತಿರುವಲ್ಲಿ ದಾರಿ ತಪ್ತಿದಾರೆ ಪಾಪ," ಎಂದು ಬೇಕರಿಯಮ್ಮ ನಿರ್ಣಯಿಸಿದಳು.

ಕಟಿಂಗ್ ಮಾಮ ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ತಿರುವಿಗೆ ಓಡಿದ. ಸ್ವಲ್ಪ ಹೊತ್ತಿಗೆ ಕೊರಿಯರ್‌ನವನೊಬ್ಬನ ತೋಳು ಹಿಡಿದು ಎಳೆದು ತಂದ. "ಸಿಕ್ಕಿದ್ರು ಅಕ್ಕ! ಫೋನ್ ನೋಡ್ಕೊಂಡು ನಿಂತಿದ್ರು!"

"ರೀ, ಬಿಡ್ರೀ, ನಾನು ಪಾರ್ಸೆಲ್ ಕೊಡೋಕೆ ಬಂದವನು!"

"ನಾಚ್ಕೋಬೇಡಿ ಸಾರ್, ಎಲ್ರಿಗೂ ಕಿತ್ತೋಗತ್ತೆ. ಎಲ್ಲಿ, ಯಾವ ಜಿಪ್ಪು?" ಎಂದು ಮಾಮ ಅವನನ್ನು ಮೇಲಿಂದ ಕೆಳಗೆ ನೋಡಿದ. ಅವನು ಪಾರ್ಸೆಲನ್ನು ಸೊಂಟಕ್ಕೆ ಅಡ್ಡ ಹಿಡಿದು ಓಟ ಕಿತ್ತ.

ಟಿಣ್ ಟಿಣ್ ನಿಲ್ಲಲಿಲ್ಲ. ಹನ್ನೆರಡು ಜನ, ಹದಿನೇಳು ಜನ. ಒಬ್ಬರು ಐದು ನಕ್ಷತ್ರ ಕೊಟ್ಟು 'ಕೆಲಸ ಅಚ್ಚುಕಟ್ಟು' ಎಂದೂ ಬರೆದರು. ಜಿಪ್ಪಕ್ಕ ಅದನ್ನು ಓದಿ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು. ಬೆಳಗಿನಿಂದ ಅವು ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಮಾಡದ ಕೆಲಸವನ್ನೂ ಹೊಗಳುವಷ್ಟು ದೊಡ್ಡದೇ ಈ ಶಕ್ತಿ? ಹೆದರಿಕೆಯೂ ಆಯಿತು, ಕೈಮುಗಿಯಬೇಕು ಎಂದೂ ಅನಿಸಿತು.

ಸಂಜೆಯಾಯಿತು. ಓಣಿಯ ತಿರುವಿನಲ್ಲಿ ಕೈಗಾಡಿಯೊಂದು ಕಾಣಿಸಿತು. ಅದರ ಮೇಲೆ ಗಾಜಿನ ತೊಟ್ಟಿ, ಹಿಂದೆ ಗಾಡಿಯವನು, ಮುಂದೆ ಮುಖವೆಲ್ಲ ನಗುವಾದ ಭಾವ. ಬಗಲಲ್ಲಿದ್ದ ಬ್ಯಾಗಿಗೆ ಹೊಸ ಜಿಪ್ಪು!

"ಭೇಷ್ ಕಣಮ್ಮ!" ಎಂದರು ಭಾವ. "ಆಫೀಸಿಂದ ಹೊರಡುವಾಗ ಪರೀಕ್ಷೆ ಮಾಡೋಣ ಅಂತ ನಿನ್ನ ಅಂಗಡಿ ಹುಡುಕಿದೆ. ಮೊದಲನೇದಾಗಿ ಬಂತು! ಫೋನ್ ಹೇಳಿದ ದಾರೀಲೇ ಹೋದೆ. ಏನ್ ಜಾಗ, ಏನ್ ಜನ! ರಸ್ತೆ ತನಕ ಸಾಲು! ನೀನಿರ್ಲಿಲ್ಲ, ಆದ್ರೆ ಕೆಲಸಕ್ಕೆ ಇಟ್ಕೊಂಡಿದೀಯಲ್ಲ ಆ ದಪ್ಪ ಮೀಸೆಯವನು, ಕ್ಷಣದಲ್ಲಿ ಜಿಪ್ ಹಾಕ್ಕೊಟ್ಟ. ಪಾಪ, ಅವನಿಗೂ ಸ್ವಲ್ಪ ಬಿಡುವು ಕೊಡು."

ದಪ್ಪ ಮೀಸೆ ಬ್ಯಾಗ್ ಡಾಕ್ಟರನದು. ಜಿಪ್ಪಕ್ಕನ ಕಣ್ಣ ಮುಂದೆ ಆ ಕೆಂಪು ಬೊಟ್ಟು ಸುಳಿಯಿತು. ನಿಮ್ಮ ಅಂಗಡಿ ಇರುವುದು ಈಗ ನೀವು ನಿಂತಿರುವಲ್ಲೇ ತಾನೇ ಎಂದು ಕೇಳಿತ್ತು ಫೋನು. ಹೌದು ಎಂದಿದ್ದಳು.

"ಅಂಗಡಿ ಅಲ್ಲಿಗೆ ಹೋದ್ಮೇಲೆ ಈ ಕೋಣೆ ಖಾಲಿ ಅಲ್ವಾ, ಅದಕ್ಕೆ ತೊಟ್ಟಿ ತಂದೇಬಿಟ್ಟೆ," ಎಂದರು ಭಾವ.

"ಭಾವ, ಅಂಗಡಿ ಇಲ್ಲೇ ಇದೆ. ನೀವು ನಿಂತಿರೋದೇ ಅಂಗಡೀಲಿ."

ಭಾವ ಯಂತ್ರವನ್ನು ನೋಡಿದರು, ತೂಗುತ್ತಿದ್ದ ಜಿಪ್ಪುಗಳನ್ನು ನೋಡಿದರು, ಅವಳನ್ನು ನೋಡಿದರು. ಕೊನೆಗೆ ಫೋನು ನೋಡಿದರು.

"ಫೋನ್ ಹಾಗೆ ಹೇಳ್ತಿಲ್ವಲ್ಲಮ್ಮ."

"ಗೊತ್ತಿಲ್ಲದ ಮುಖ ಬಂತಲ್ಲ, ಈ ಗಾಡಿಯವನು!" ಎಂದು ಓರಗಿತ್ತಿ ಕೊನೆಯ ದಾಳ ಎಸೆದಳು. ಎಲ್ಲರೂ ಆಸೆಯಿಂದ ಗಾಡಿಯವನನ್ನು ನೋಡಿದರು. ಅವನ ಅಂಗಿಗೂ ಗುಂಡಿ, ಚಡ್ಡಿಗೂ ಗುಂಡಿ.

ತೊಟ್ಟಿ ಒಳಗೆ ಬಂತು, ಯಂತ್ರ ಮೂಲೆಗೆ ಸರಿಯಿತು. ಓರಗಿತ್ತಿ ಪೇಜಿನ ಜಾಗ ತಿದ್ದಲು ಹೋದಳು. 'ಪರಿಶೀಲಿಸುತ್ತೇವೆ, ಕೆಲವು ದಿನ ಹಿಡಿಯಬಹುದು' ಎಂಬ ಉತ್ತರ ಬಂತು. ಆಕೆ ನಿಟ್ಟುಸಿರು ಬಿಟ್ಟು ತೊಟ್ಟಿ ತೊಳೆಯಲು ಬಟ್ಟೆ ಹುಡುಕಿದಳು.

ಜಿಪ್ಪಕ್ಕ ತನ್ನ ಬಾಗಿಲಲ್ಲಿ ನಿಂತಳು. ಏನನ್ನಿಸಿತೋ, ಫೋನಿನಲ್ಲಿ ತನ್ನದೇ ಅಂಗಡಿಯನ್ನು ಹುಡುಕಿ, 'ದಾರಿ ತೋರಿಸು' ಒತ್ತಿದಳು.

ಫೋನು ಅಕ್ಕರೆಯ ದನಿಯಲ್ಲಿ ಹೇಳಿತು: "ನಿಮ್ಮ ಅಂಗಡಿಗೆ ಇಲ್ಲಿಂದ ಹದಿನಾಲ್ಕು ನಿಮಿಷದ ನಡಿಗೆ. ಅಂಗಡಿ ಈಗ ತೆರೆದಿದೆ. ಎಂದಿಗಿಂತ ಹೆಚ್ಚು ಜನರಿದ್ದಾರೆ."